ಕಾರು ದುರಸ್ತಿ: ಆಯ್ಕೆ ಮಾಲೀಕನದಾಗಿರಲಿ

ಕೋಟಿ ರೂಪಾಯಿ ತೆತ್ತು ಸ್ಪೋರ್ಟ್ಸ್ ಕಾರು ಕೊಂಡವರು ಅದನ್ನು ಎಲ್ಲಿ ಸರ್ವೀಸ್ ಮಾಡಿಸುತ್ತಾರೆ ಎಂಬುದು ಉಳಿದವರು ತಲೆಕೆಡಿಸಿಕೊಳ್ಳಬೇಕಾದ ವಿಷಯವಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಕಂಪನಿಯ ಅಧಿಕೃತ ಡೀಲರ್ ಬಳಿಗೆ ಹೋಗಬೇಕೆ ಅಥವಾ ಆ ಮಾದರಿಯಲ್ಲೇ ಪಳಗಿದ ಸ್ವತಂತ್ರ ಪರಿಣತರ ಗ್ಯಾರೇಜಿಗೆ ಒಪ್ಪಿಸಬೇಕೆ ಎಂಬುದು ಅವರವರ ಜೇಬಿಗೆ ಬಿಟ್ಟ ಸಂಗತಿ ಎನ್ನುವವರೂ ಇದ್ದಾರೆ. ಆದರೆ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಹಣ ಕೊಟ್ಟು ಕೊಂಡ ಯಂತ್ರದ ಮೇಲೆ ಕೊಂಡವನ ಅಧಿಕಾರವೆಷ್ಟು, ತಯಾರಿಸಿದವನ ಹಿಡಿತವೆಷ್ಟು? ಸಣ್ಣ ಕಾರಿನ ಮಾಲೀಕನನ್ನೂ ಟ್ರ್ಯಾಕ್ಟರ್ ಇಟ್ಟುಕೊಂಡ ರೈತನನ್ನೂ ಇದು ಸಮನಾಗಿ ಕಾಡುತ್ತದೆ. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಯಂತ್ರ ಸೂಕ್ಷ್ಮ, ಬಿಲ್ಲು ದೊಡ್ಡದು, ಬಲ್ಲವರು ವಿರಳ. ಆದ್ದರಿಂದ ಸಮಸ್ಯೆ ಅಲ್ಲಿ ಎದ್ದು ಕಾಣುತ್ತದೆ, ಅಷ್ಟೆ.

ಈ ಚರ್ಚೆಯಲ್ಲಿ ಎರಡು ಪೂರ್ವಗ್ರಹಗಳು ಬೇರುಬಿಟ್ಟಿವೆ. ಡೀಲರ್ ಎಂದರೆ ಸುಲಿಗೆ ಎಂಬುದು ಒಂದು. ಹೊರಗಿನ ಗ್ಯಾರೇಜ್ ಎಂದರೆ ಅರೆಬರೆ ಕೆಲಸ ಎಂಬುದು ಇನ್ನೊಂದು. ಎರಡಕ್ಕೂ ಪುಷ್ಟಿ ಕೊಡುವ ಅನುಭವಗಳು ಕಾರು ಇಟ್ಟುಕೊಂಡವರ ಬಳಿ ಹೇರಳವಾಗಿವೆ. ಆದರೆ ಇವುಗಳಲ್ಲಿ ಯಾವುದೂ ತೀರ್ಮಾನಕ್ಕೆ ತಳಹದಿಯಾಗಲಾರದು. ಜರ್ಮನಿಯ ಪೋರ್ಶೆ ಕಂಪನಿಯ ಚರಿತ್ರೆಯಲ್ಲೇ ಎರಡೂ ಕಡೆಗೆ ಸಾಕ್ಷಿ ನುಡಿಯುವ ಎರಡು ಪ್ರಕರಣಗಳಿವೆ.

1990ರ ದಶಕದ ಕೊನೆಯಲ್ಲಿ ಪೋರ್ಶೆ ತನ್ನ ಪ್ರಸಿದ್ಧ 911 ಕಾರಿನ ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ವಿದಾಯ ಹೇಳಿ, ನೀರಿನಿಂದ ತಂಪಾಗುವ ಎಂ96 ಎಂಬ ಎಂಜಿನ್ ತಂದಿತು. ಟರ್ಬೊ, ಜಿಟಿ3ಗಳಂಥ ವಿಶೇಷ ಮಾದರಿಗಳನ್ನು ಬಿಟ್ಟರೆ ಆ ಪೀಳಿಗೆಯ 911ಕ್ಕೂ ಬಾಕ್ಸ್‌ಸ್ಟರ್‌ಗೂ ಇದೇ ಎಂಜಿನ್. ಅದರೊಳಗೆ ಕ್ರ್ಯಾಂಕ್‌ಶಾಫ್ಟ್‌ನ ಚಲನೆಯನ್ನು ಕ್ಯಾಮ್‌ಶಾಫ್ಟ್‌ಗಳಿಗೆ ದಾಟಿಸುವ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ನಡುದಂಡವಿದೆ. ಅದರ ಒಂದು ತುದಿಯನ್ನು ಹೊತ್ತಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್. ಎಲ್ಲ ಕಾರುಗಳಲ್ಲಿ ಅಲ್ಲದಿದ್ದರೂ ಕೆಲವು ಕಾರುಗಳಲ್ಲಿ ಈ ಬೇರಿಂಗ್ ಸವೆದು ಒಡೆಯಿತು. ಒಡೆದರೆ ವಾಲ್ವ್‌ಗಳ ತಾಳ ತಪ್ಪಿ, ಲೋಹದ ಚೂರುಗಳು ಎಣ್ಣೆಯಲ್ಲಿ ಬೆರೆತು ಇಡೀ ಎಂಜಿನ್ ಹಾಳಾಗುತ್ತದೆ. ಕಂಪನಿ ಆ ಬೇರಿಂಗನ್ನು ಬಿಡಿಭಾಗವಾಗಿ ಮಾರುತ್ತಿರಲಿಲ್ಲ. ಹೀಗಾಗಿ ಡೀಲರ್‌ನ ಸಾಮಾನ್ಯ ಉತ್ತರ ಎಂಜಿನ್ ಬದಲಿಸಿ ಎಂಬುದಾಗಿತ್ತು. ಅಮೆರಿಕದ ಮಾಲೀಕರು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತಾದರೂ, 2001ರಿಂದ 2005ರ ನಡುವೆ ತಯಾರಾದ ಕಾರುಗಳಷ್ಟೇ ಅದರ ವ್ಯಾಪ್ತಿಗೆ ಬಂದವು.

ಹಳೆಯ ಕಾರುಗಳ ಮಾಲೀಕರಿಗೆ ಪರಿಹಾರ ದೊರೆತದ್ದು ಹೊರಗಿನಿಂದ. ಅಮೆರಿಕದ ಸ್ವತಂತ್ರ ಪರಿಣತರು ಕೆಟ್ಟುಹೋದ ಎಂಜಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಎಂಜಿನ್ನನ್ನು ಸೀಳದೆಯೇ ಬದಲಿಸಬಹುದಾದ ಸೆರಾಮಿಕ್ ಗುಂಡುಗಳ ಬೇರಿಂಗ್ ರೂಪಿಸಿದರು. ಕ್ಲಚ್ ಬದಲಿಸಲೆಂದು ಗೇರ್‌ಬಾಕ್ಸ್ ಕೆಳಗಿಳಿಸಿದಾಗ ಇದನ್ನೂ ಬದಲಿಸಿಬಿಡುವ ಪದ್ಧತಿ ರೂಢಿಗೆ ಬಂತು. ಕಂಪನಿ 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ನಡುದಂಡವನ್ನೇ ಕೈಬಿಟ್ಟಿತು. ಆದರೆ ಅದಾಗಲೇ ರಸ್ತೆಯಲ್ಲಿದ್ದ ಸಾವಿರಾರು ಕಾರುಗಳಿಗೆ ಆಸರೆಯಾದದ್ದು ಗ್ಯಾರೇಜುಗಳ ತಿಳಿವಳಿಕೆ ಎಂಬುದರಲ್ಲಿ ಎರಡು ಮಾತಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಕರಣ 2014ರದು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಹೊಸ 911 ಜಿಟಿ3 ಕಾರುಗಳಲ್ಲಿ ಎರಡು ಯೂರೋಪಿನಲ್ಲಿ ಬೆಂಕಿಗೆ ಆಹುತಿಯಾದವು. ಕೂಡಲೇ ಕಂಪನಿ, ಕಾರನ್ನು ಓಡಿಸಬೇಡಿ ಎಂದು ಮಾಲೀಕರಿಗೆ ಸೂಚಿಸಿತು. ಕನೆಕ್ಟಿಂಗ್ ರಾಡ್‌ನ ಬೋಲ್ಟ್ ಸಡಿಲಗೊಳ್ಳುವುದೇ ಕಾರಣವೆಂದು ಪತ್ತೆಹಚ್ಚಿ, ಜಗತ್ತಿನಾದ್ಯಂತ ಆ ಮಾದರಿಯ 785 ಕಾರುಗಳ ಎಂಜಿನ್ನುಗಳನ್ನೂ ತಾನೇ ಬದಲಿಸಿಕೊಟ್ಟಿತು. ಎಂಥ ನುರಿತ ಸ್ವತಂತ್ರ ಮೆಕ್ಯಾನಿಕ್ ಆದರೂ ಇಂಥ ಕೆಲಸ ಮಾಡಲಾರ. ದೇಶ ದೇಶಗಳಿಂದ ಬರುವ ದೂರುಗಳನ್ನು ಒಟ್ಟಿಗೆ ಇಟ್ಟು ನೋಡುವ ಅವಕಾಶ ಅವನಿಗಿಲ್ಲ, ಎಂಜಿನ್ನನ್ನು ಉಚಿತವಾಗಿ ಕೊಡುವ ಬಾಧ್ಯತೆಯೂ ಅವನಿಗಿಲ್ಲ.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾರು ಹೊಸದಿರುವಾಗ ಅದರ ಬಗ್ಗೆ ಹೆಚ್ಚು ತಿಳಿದಿರುವುದು ತಯಾರಕನಿಗೆ. ದೋಷವನ್ನು ಸರಿಪಡಿಸುವ ಹೊಣೆಯೂ ಅವನದೇ. ಸಾಫ್ಟ್‌ವೇರ್ ಪರಿಷ್ಕರಣೆ, ವಾರಂಟಿಯ ಬದಲಿಗಳು, ಹಿಂದಕ್ಕೆ ಕರೆಸಿಕೊಳ್ಳುವ ಆದೇಶಗಳು ಇವೆಲ್ಲ ಡೀಲರ್ ಮೂಲಕವೇ ಬರಬೇಕು. ಕಾರು ಹಳೆಯದಾದಂತೆ ತಿಳಿವಳಿಕೆ ಸ್ಥಳ ಬದಲಿಸುತ್ತದೆ. ಡೀಲರ್‌ನ ಸಿಬ್ಬಂದಿಯ ತರಬೇತಿ ಹೊಸ ಮಾದರಿಗಳತ್ತ ಹೊರಳುತ್ತದೆ. ಇಪ್ಪತ್ತು ವರ್ಷದ ಕಾರು ಅವರ ಕೈಗೆ ಬರುವುದು ಅಪರೂಪ. ಬಿಡಿಬಿಡಿಯಾಗಿ ರಿಪೇರಿ ಮಾಡುವುದಕ್ಕಿಂತ ಇಡೀ ಘಟಕವನ್ನೇ ಬದಲಿಸುವುದು ಅವರ ಕಾರ್ಯವಿಧಾನಕ್ಕೆ ಒಗ್ಗಿದ ದಾರಿ. ಅದೇ ಹೊತ್ತಿನಲ್ಲಿ, ಒಂದೇ ಮಾದರಿಯನ್ನು ನಂಬಿ ಬದುಕುವ ಪರಿಣತ ಅದೇ ದೋಷವನ್ನು ಹತ್ತಾರು ಬಾರಿ ಕಂಡಿರುತ್ತಾನೆ. ಮುಂದೆ ಯಾವುದು ಕೆಡಬಹುದೆಂದು ಶಬ್ದದಲ್ಲೇ ಊಹಿಸಬಲ್ಲ. ಹಾಗಾಗಿ ವಾರಂಟಿ ಇರುವತನಕ ಡೀಲರ್, ಆನಂತರ ಆ ಮಾದರಿಯನ್ನು ಬಲ್ಲ ಪರಿಣತ ಎಂಬುದು ಒಟ್ಟಾರೆ ವಿವೇಕದ ನಿಯಮ.

ನಿಯಮ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಪಾಲಿಸಬೇಕೆಂದಿಲ್ಲ. ಸ್ವತಂತ್ರ ಎಂಬ ಫಲಕ ಹಾಕಿಕೊಂಡವರೆಲ್ಲ ಪರಿಣತರಲ್ಲ. ಎರಡು ಕ್ಲಚ್‌ಗಳ ಆಧುನಿಕ ಗೇರ್‌ಬಾಕ್ಸ್ ಆಗಲಿ, ಸೆರಾಮಿಕ್ ಬ್ರೇಕ್ ಆಗಲಿ ಊಹೆಯ ಮೇಲೆ ಕೈಹಾಕುವ ವಸ್ತುಗಳಲ್ಲ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಬಲ್ಲ ವಾಹನದಲ್ಲಿ ನಕಲಿ ಬ್ರೇಕ್ ಪ್ಯಾಡ್ ಕೂರಿಸಿದರೆ ಅದರ ಪರಿಣಾಮ ಕಾರಿನೊಳಗೆ ಕುಳಿತವರಿಗಷ್ಟೇ ಸೀಮಿತವಾಗದು. ಆದ್ದರಿಂದ ಮಾಲೀಕ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಈ ಮಾದರಿಯ ಎಷ್ಟು ಕಾರುಗಳು ನಿಮ್ಮಲ್ಲಿಗೆ ಬರುತ್ತವೆ? ದೋಷ ಪತ್ತೆಯ ಉಪಕರಣ ಈ ಕಾರಿಗೆ ಹೊಂದುವಂಥದೇ? ಬಿಲ್ಲಿನಲ್ಲಿ ಬಿಡಿಭಾಗದ ಸಂಖ್ಯೆ ನಮೂದಿಸುತ್ತೀರಾ, ತೆಗೆದ ಹಳೆಯ ಭಾಗವನ್ನು ತೋರಿಸುತ್ತೀರಾ? ಮಾಡಿದ ಕೆಲಸಕ್ಕೆ ಎಷ್ಟು ತಿಂಗಳ ಖಾತರಿ? ಇವಕ್ಕೆ ನೇರ ಉತ್ತರ ಕೊಡುವ ಗ್ಯಾರೇಜು ನಂಬಿಕೆಗೆ ಅರ್ಹ. ಉತ್ತರ ಕೊಡದ ಡೀಲರ್ ಅಧಿಕೃತನಾದರೂ ಅನುಮಾನಕ್ಕೆ ಅರ್ಹ.

ಇಷ್ಟೆಲ್ಲ ವಿವೇಚನೆಗೆ ಅರ್ಥ ಬರಬೇಕಾದರೆ ಆಯ್ಕೆ ಎಂಬುದು ನಿಜಕ್ಕೂ ಇರಬೇಕು. ಬಿಡಿಭಾಗ, ದುರಸ್ತಿ ಕೈಪಿಡಿ, ದೋಷ ಪತ್ತೆಯ ಸಾಫ್ಟ್‌ವೇರ್ ಮೂರೂ ಕಂಪನಿಯ ಬೀಗದೊಳಗಿದ್ದರೆ ಪರಿಣತನ ಕೈ ಕಟ್ಟಿದಂತೆಯೇ. ನಮ್ಮ ದೇಶದಲ್ಲಿ ಈ ಬೀಗಕ್ಕೆ ಮೊದಲ ಪೆಟ್ಟು ಬಿದ್ದದ್ದು 2011ರಲ್ಲಿ ಒಬ್ಬ ಗ್ರಾಹಕ ಭಾರತ ಸ್ಪರ್ಧಾ ಆಯೋಗದ ಮೆಟ್ಟಿಲೇರಿದಾಗ. ಮೂರು ಕಂಪನಿಗಳ ವಿರುದ್ಧದ ದೂರಿನಿಂದ ಆರಂಭವಾದ ವಿಚಾರಣೆ ಇಡೀ ಉದ್ಯಮಕ್ಕೆ ವ್ಯಾಪಿಸಿತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಮಾರುತಿ, ಟಾಟಾ, ಮಹೀಂದ್ರದಿಂದ ಹಿಡಿದು ಮರ್ಸಿಡಿಸ್, ಬಿಎಂಡಬ್ಲ್ಯುವರೆಗೆ, ನಮ್ಮ ಬಿಡದಿಯಲ್ಲಿ ಕಾರು ತಯಾರಿಸುವ ಟೊಯೋಟವನ್ನೂ ಒಳಗೊಂಡು, ಆ ಪಟ್ಟಿ ಉದ್ದವಾಗಿತ್ತು.

ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ಆಯೋಗದ ನಿರ್ದೇಶನ. ಬಿಡಿಭಾಗಗಳು ಮತ್ತು ದೋಷ ಪತ್ತೆಯ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗುವಂತಾಗಬೇಕು ಎಂದು ಅದು ಹೇಳಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದುಪಡಿಸುವ ಷರತ್ತು ಸಲ್ಲದು, ಹೊರಗಿನ ಕೆಟ್ಟ ಕೆಲಸದಿಂದಲೇ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಸ್ಪಷ್ಟಪಡಿಸಿತು. ಅಮೆರಿಕ 1975ರಲ್ಲೇ ವಾರಂಟಿ ಕಾಯ್ದೆಯ ಮೂಲಕ ಇಂಥ ಷರತ್ತುಗಳಿಗೆ ಕಡಿವಾಣ ಹಾಕಿತ್ತು. ಯೂರೋಪಿನ ಒಕ್ಕೂಟ 2002ರ ನಿಯಮಾವಳಿಯಲ್ಲಿ ಸ್ವತಂತ್ರ ಗ್ಯಾರೇಜುಗಳಿಗೆ ತಾಂತ್ರಿಕ ಮಾಹಿತಿ ಸಿಗುವ ವ್ಯವಸ್ಥೆ ಮಾಡಿತ್ತು. ನಾವು ತಡವಾಗಿಯಾದರೂ ಅದೇ ಹಾದಿಗೆ ಬಂದೆವು.

ಆದರೆ ಆದೇಶ ಹೊರಟ ವೇಗದಲ್ಲಿ ಜಾರಿಯಾಗಲಿಲ್ಲ ಎಂಬುದು ವಿಷಾದದ ಸಂಗತಿ. ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ತಪ್ಪನ್ನು ಎತ್ತಿಹಿಡಿದರೂ ದಂಡವನ್ನು ಬಿಡಿಭಾಗಗಳ ವಹಿವಾಟಿಗಷ್ಟೇ ಸೀಮಿತಗೊಳಿಸಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಆ ವರ್ಷಾಂತ್ಯಕ್ಕೆ ಜಾಲತಾಣವೊಂದನ್ನೂ ಆರಂಭಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಉಪಕರಣಗಳ ಜೊತೆಗೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಹೆಜ್ಜೆ ಸ್ವಾಗತಾರ್ಹ. ಆದರೆ ಕಂಪನಿಗಳು ತಾವಾಗಿ ಕೊಟ್ಟಷ್ಟನ್ನು ಪ್ರಕಟಿಸುವ ಜಾಲತಾಣ ಕಾನೂನಿನ ಬಲವಿರುವ ಹಕ್ಕಿಗೆ ಸಾಟಿಯಾಗದು. ಕಾರು ಕೊಂಡವನು ವಾರಂಟಿ ಕಳೆದುಕೊಳ್ಳುವ ಭಯದಲ್ಲೇ ಇರುವತನಕ ಆಯೋಗದ ಆದೇಶ ಕಾಗದದ ಹುಲಿಯೇ.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಸುರಕ್ಷತೆ, ನಕಲಿ ಬಿಡಿಭಾಗಗಳ ಹಾವಳಿ, ಬೌದ್ಧಿಕ ಸ್ವತ್ತಿನ ರಕ್ಷಣೆ ಇವು ಕಡೆಗಣಿಸುವ ವಿಷಯಗಳಲ್ಲ. ಆದರೆ ಅಸಲಿ ಬಿಡಿಭಾಗವನ್ನು ಮುಕ್ತವಾಗಿ ಮಾರದಿದ್ದರೆ ನಕಲಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಸರಿಯಾದ ಕೈಪಿಡಿಯನ್ನು ಬಚ್ಚಿಟ್ಟರೆ ಊಹೆಯ ರಿಪೇರಿ ಹೆಚ್ಚುತ್ತದೆಯೇ ಹೊರತು ಸುರಕ್ಷತೆ ಹೆಚ್ಚುವುದಿಲ್ಲ. ಸ್ಪೋರ್ಟ್ಸ್ ಕಾರುಗಳ ಡೀಲರ್‌ಗಳು ಬಹುಮಟ್ಟಿಗೆ ಮಹಾನಗರಗಳಲ್ಲೇ ಇದ್ದಾರೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇರುವ ಮಾಲೀಕ ಎಣ್ಣೆ ಬದಲಿಸಲೂ ಕಾರನ್ನು ಬೆಂಗಳೂರಿಗೆ ಸಾಗಿಸಬೇಕು ಎಂಬುದು ಯಾವ ನ್ಯಾಯ? ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಸುತ್ತಲಿನ ಗ್ಯಾರೇಜುಗಳನ್ನೂ ಬಲ್ಲವರಿಗೆ ಈ ನಾಡಿನ ಮೆಕ್ಯಾನಿಕ್‌ಗಳ ಕೈಚಳಕದ ಬಗ್ಗೆ ಹೇಳಬೇಕಾಗಿಲ್ಲ. ಅವರಲ್ಲಿ ಅನೇಕರಿಗೆ ಕೊರತೆಯಿರುವುದು ಅಧಿಕೃತ ಮಾಹಿತಿ ಮತ್ತು ತರಬೇತಿಯದು.

ಸರ್ಕಾರ ಇನ್ನು ಮೀನಮೇಷ ಎಣಿಸಬಾರದು. ಸ್ಪರ್ಧಾ ಆಯೋಗ ಹೇಳಿದ ವಾರಂಟಿಯ ನಿಯಮ ಪ್ರತಿ ಕಾರಿನ ಮಾರಾಟ ಪತ್ರದಲ್ಲೂ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ ಮುದ್ರಣವಾಗಲಿ. ದುರಸ್ತಿ ಮಾಹಿತಿಯನ್ನು ನ್ಯಾಯವಾದ ಶುಲ್ಕಕ್ಕೆ ಕೊಡುವುದು ಕಡ್ಡಾಯವಾಗಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ, ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆ ಮಾಹಿತಿ ಹೊರಗಿನ ಗ್ಯಾರೇಜಿಗೆ ಹೋಗುವ ಮಾಲೀಕನಿಗೂ ತಪ್ಪದೆ ತಲುಪಬೇಕು. ಗ್ಯಾರೇಜುಗಳ ಮೇಲೂ ಹೊಣೆಯಿದೆ. ಬಿಲ್ಲಿಲ್ಲದ ವ್ಯವಹಾರ ಬಿಟ್ಟು, ಮಾಡಿದ ಕೆಲಸಕ್ಕೆ ಲಿಖಿತ ಖಾತರಿ ಕೊಡುವುದನ್ನು ಅವು ರೂಢಿಸಿಕೊಳ್ಳಬೇಕು. ಬಿಲ್ಲು ಇದ್ದರೆ ಸೇವಾ ನ್ಯೂನತೆಯ ದೂರು ಹೊತ್ತು ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಸುಲಭ. ಡೀಲರ್‌ಗೂ ಗ್ಯಾರೇಜಿಗೂ ಅಲ್ಲಿ ಒಂದೇ ಅಳತೆಗೋಲು.

ಡೀಲರ್‌ಗಳು ಉಳಿಯಬೇಕು, ಪರಿಣತರೂ ಬೆಳೆಯಬೇಕು. ಇಬ್ಬರಲ್ಲಿ ಯಾರ ಬಳಿಗೆ ಹೋಗಬೇಕೆಂಬುದನ್ನು ಕಾರಿನ ವಯಸ್ಸು, ದೋಷದ ಸ್ವರೂಪ ಮತ್ತು ಕೆಲಸಗಾರನ ಯೋಗ್ಯತೆ ನೋಡಿ ಮಾಲೀಕ ತೀರ್ಮಾನಿಸುವಂತಾಗಬೇಕು. ವಾರಂಟಿ ಹೋದೀತೆಂಬ ಅಂಜಿಕೆಯಿಂದ ಅಥವಾ ಬೀಗ ಹಾಕಿದ ಸಾಫ್ಟ್‌ವೇರ್‌ನ ಬಲವಂತದಿಂದ ಆ ತೀರ್ಮಾನ ಹೊರಬರಬಾರದು. ಕೀಲಿಕೈ ಕೊಟ್ಟ ಮೇಲೂ ಕಾರಿನ ಮೇಲಿನ ಅಧಿಕಾರವನ್ನು ಮಾರಿದವನೇ ಇಟ್ಟುಕೊಂಡರೆ ಅದನ್ನು ಮಾರಾಟ ಎನ್ನಲಾದೀತೇ?