ನಾಲ್ಕನೇ ತರಗತಿಯಲ್ಲೂ ಮಕ್ಕಳು ದುಂಡಗೆ ಕೂರಲಿ

ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ನಾನು ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಒಂಬತ್ತು ವರ್ಷ, ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪಿನಲ್ಲಿ ಕೂತು ಕಲಿಯುವ ನಲಿಕಲಿ ಕೋಣೆಯಲ್ಲಿದ್ದೆ, ಈಗ ಎರಡು ವರ್ಷದಿಂದ ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಎರಡು ಕೋಣೆಗಳಿಗೂ ನಡುವೆ ಒಂದೇ ಗೋಡೆ. ಅದನ್ನು ದಾಟಿ ಬರುವ ಮಕ್ಕಳಿಗೆ ಏನಾಗುತ್ತಿದೆ ಎಂಬುದನ್ನು ತಮಗೆ ಹೇಳಬೇಕಿದೆ.

ಕಳೆದ ಜೂನ್‌ನಲ್ಲಿ ಒಬ್ಬ ಹುಡುಗಿ ಮೂರನೇ ತರಗತಿ ಮುಗಿಸಿ ನನ್ನ ಕೋಣೆಗೆ ಬಂದಳು. ನಲಿಕಲಿಯಲ್ಲಿ ಇದ್ದಷ್ಟು ದಿನ ಚಿಕ್ಕ ಮಕ್ಕಳ ಬೆರಳು ಹಿಡಿದು ತಲೆಕಟ್ಟು, ಕೊಂಬು ತಿದ್ದಿಸುತ್ತಿದ್ದವಳು. ಇಲ್ಲಿ ಮೂರನೇ ಬೆಂಚು. ಪಕ್ಕದ ಹುಡುಗನಿಗೆ ಭಾಗಾಕಾರ ಹೇಳಿಕೊಡಲು ಬಾಗಿದಳು. ‘ಅವನ ಲೆಕ್ಕ ಅವನೇ ಮಾಡಲಿ, ನೀನು ಸುಮ್ಮನಿರು’ ಎಂದು ಗದರಿದ್ದು ನಾನೇ. ಸುಮ್ಮನಾದಳು. ದೀಪಾವಳಿ ಹೊತ್ತಿಗೆ ತನಗೆ ಗೊತ್ತಿದ್ದ ಉತ್ತರಕ್ಕೂ ಕೈ ಎತ್ತುವುದನ್ನು ಬಿಟ್ಟಿದ್ದಳು.

ನಲಿಕಲಿ ಮೊಳೆತದ್ದು ನಮ್ಮ ನೆಲದಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳಿಂದ ಕಲಿತು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ್ದು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು, ಮರುವರ್ಷ ಮೂರನೆಯದಕ್ಕೆ. ಅಲ್ಲಿಗೆ ನಿಂತಿತು.

ಅದರ ಜೀವ ಮಕ್ಕಳು ಹಿಡಿದು ಕಲಿಯುವ ಕಾರ್ಡುಗಳಲ್ಲಿಲ್ಲ, ಗುಂಪುಗಳಲ್ಲಿದೆ. ಒಂದು ಗುಂಪಿಗೆ ಶಿಕ್ಷಕರೇ ಬೇಕು, ಇನ್ನೊಂದಕ್ಕೆ ಜೊತೆಯ ಮಕ್ಕಳು ಸಾಕು, ಮತ್ತೊಂದು ತಾನೇ ಕಲಿಯುತ್ತದೆ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಮಗು ಮೇಲೇರಿದಂತೆ ಗುಂಪೂ ಬದಲಾಗುತ್ತದೆ. ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೂಲಿಗೆ ಹೋಗಿ ತಿಂಗಳು ಬಿಟ್ಟು ಬಂದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ನಾಲ್ಕನೇ ತರಗತಿಯಲ್ಲಿ ಅಷ್ಟರೊಳಗೆ ಮೂರು ಪಾಠ ಮುಂದೆ ಹೋಗಿರುತ್ತವೆ. ಒಮ್ಮೆ ಹಿಂದೆ ಬಿದ್ದ ಮಗು ಮೊದಲು ನೋಟ್ಸ್ ಬರೆಯುವುದನ್ನು ಬಿಡುತ್ತದೆ, ಆಮೇಲೆ ಶಾಲೆಗೆ ಬರುವುದನ್ನು.

ನಲಿಕಲಿಯಲ್ಲಿ ಕುಂದಿಲ್ಲ ಎನ್ನುತ್ತಿಲ್ಲ. ಒಬ್ಬರೇ ಶಿಕ್ಷಕರಿಗೆ ಮೂರು ತರಗತಿಯೂ ಬಿದ್ದಾಗ ಗುಂಪು ಹೆಸರಿಗೆ ಮಾತ್ರ ಉಳಿಯುತ್ತದೆ. ಆದರೂ ಒಬ್ಬರಿಗೊಬ್ಬರು ಹೇಳಿಕೊಡುವ ರೂಢಿ ಮಕ್ಕಳಿಗೆ ಹತ್ತುವುದು ಅಲ್ಲೇ. ಅದನ್ನು ನಾವು ಎಂಟೊಂಬತ್ತು ವರ್ಷಕ್ಕೇ ಬಿಡಿಸುತ್ತಿದ್ದೇವೆ.

ಜನವರಿಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ, ನಾಲ್ಕು ನಾಲ್ಕು ಮಕ್ಕಳನ್ನು ಜಮಖಾನದ ಮೇಲೆ ದುಂಡಗೆ ಕೂರಿಸಿದೆ. ಮೊದಲ ವಾರ ಸೋತೆ. ಚುರುಕಾದವರು ಲೆಕ್ಕ ಮಾಡಿದರು, ಉಳಿದವರು ನಕಲು ಮಾಡಿಕೊಂಡರು. ಆಮೇಲೆ ಒಂದೇ ಕಟ್ಟಳೆ ತಂದೆ: ಗುಂಪಿನಲ್ಲಿ ಯಾರನ್ನು ಎಬ್ಬಿಸಿದರೂ ಲೆಕ್ಕ ಬಿಡಿಸಿ ಹೇಳಬೇಕು, ಯಾರನ್ನು ಎಬ್ಬಿಸುತ್ತೇನೆಂದು ಮೊದಲೇ ಹೇಳುವುದಿಲ್ಲ. ಆಗ ಜಾಣರಿಗೆ ಹಿಂದಿನವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಹುಡುಗಿಗೆ ಮತ್ತೆ ಕೆಲಸ ಸಿಕ್ಕಿತು. ಶೇಷವೆಂದರೆ ಏನೆಂದು ಹುಣಸೆ ಬೀಜ ಹಂಚಿ ತೋರಿಸಿದಳು. ನಾನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದಿದ್ದ ಹುಡುಗನಿಗೆ ಅಂದು ಹತ್ತಿತು.

ಅದೇ ತಿಂಗಳು ಭೇಟಿಗೆ ಬಂದ ಅಧಿಕಾರಿಯೊಬ್ಬರು ಸಂದರ್ಶನ ಪುಸ್ತಕದಲ್ಲಿ ‘ತರಗತಿಯಲ್ಲಿ ಗದ್ದಲ, ಶಿಸ್ತಿಲ್ಲ’ ಎಂದು ಬರೆದು ಹೋದರು. ಎಷ್ಟು ಪಾಠ ಮುಗಿದಿವೆ ಎಂದು ಕೇಳಿದರೇ ಹೊರತು, ಒಂದು ಮಗುವನ್ನೂ ಮಾತಾಡಿಸಲಿಲ್ಲ.

ನಾನು ಬೇಡುವುದು ಹೊಸ ಯೋಜನೆಯನ್ನಲ್ಲ, ಹೊಸ ಹೆಸರನ್ನೂ ಅಲ್ಲ. ನಾಲ್ಕು, ಐದನೇ ತರಗತಿಗಳಲ್ಲೂ ದಿನಕ್ಕೆ ಎರಡು ಅವಧಿಯಾದರೂ ಮಕ್ಕಳು ಗುಂಪಿನಲ್ಲಿ ಕಲಿಯಲಿ ಎಂದು ಸುತ್ತೋಲೆ ಹೊರಡಿಸಿ. ಗುಂಪು ನಡೆಸುವ ಬಗೆಯನ್ನು ನಮ್ಮ ಕ್ಲಸ್ಟರ್ ಸಭೆಗಳಲ್ಲಿ ನಲಿಕಲಿಯ ಅನುಭವಿ ಶಿಕ್ಷಕರಿಂದಲೇ ಹೇಳಿಕೊಡಿಸಿ. ಭೇಟಿಗೆ ಬರುವ ಅಧಿಕಾರಿಗಳು ಪಾಠದ ಲೆಕ್ಕ ಕೇಳುವ ಮೊದಲು ಹತ್ತು ನಿಮಿಷ ಒಂದು ಗುಂಪಿನ ಪಕ್ಕ ಕೂರಲಿ.

ಬರುವ ಜೂನ್‌ನಲ್ಲಿ ನನ್ನ ಕೋಣೆಗೆ ಹದಿನಾಲ್ಕು ಮಕ್ಕಳು ಬರುತ್ತಾರೆ. ಸಂದರ್ಶನ ಪುಸ್ತಕದಲ್ಲಿ ಯಾರು ಏನು ಬರೆದರೂ ಅವರನ್ನು ಜಮಖಾನದ ಮೇಲೆಯೇ ಕೂರಿಸುತ್ತೇನೆ. ತಮ್ಮ ಸುತ್ತೋಲೆ ಅದಕ್ಕೆ ಮೊದಲೇ ಬಂದರೆ, ಪಕ್ಕದೂರಿನ ಶಾಲೆಯ ಮಕ್ಕಳಿಗೂ ಆ ಭಾಗ್ಯ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ