ಮಿಷನ್ ಬಿಚ್ಚಿಟ್ಟು ಪಿಯಾನೋ ನುಡಿಸಿದ ಹುಡುಗ!

ಗೆಳೆಯರೇ, ಈ ವಾರ ಫೈಟಿಲ್ಲ, ಡ್ಯುಯೆಟ್ಟಿಲ್ಲ, ಹೀರೋಯಿನ್ನೂ ಇಲ್ಲ. 'ಡಾಕ್ಯುಮೆಂಟರಿನಾ? ನಮಸ್ಕಾರ ಗುರುವೇ!' ಅಂತ ಪುಟ ತಿರುಗಿಸಬೇಡಿ. ಬಸ್ಸು ಬರೋಕೆ ಇನ್ನೂ ಹೊತ್ತಿದೆ, ಓದಿ.

ನಮ್ಮ ಸಿನಿಮಾಗಳಲ್ಲಿ ಕಿವುಡರಿಗೆ ಸಿಗೋದು ಎರಡೇ ಪಾತ್ರ. ಕೇಳಿದ್ದೊಂದು ಹೇಳಿದ್ದೊಂದು ಅಂತ ನಗಿಸೋ ಮುದುಕ. ಇಲ್ಲವೇ ಗುಡಿಯ ಗಂಟೆ ಢಣ್ ಅಂದ ಕೂಡಲೇ ಕಿವಿ ಬರೋ ಅಬಲೆ. ಅಣ್ಣಾವ್ರು, ಹರಿಣಿ ಅಭಿನಯಿಸಿದ 1964ರ 'ನಾಂದಿ', ಗುಲ್ಜಾರರ 1972ರ 'ಕೋಶಿಶ್' ಥರದವು ಬೆರಳೆಣಿಕೆಯಷ್ಟು.

ನಾನು ಮೊನ್ನೆ ನೋಡಿದ್ದು 2019ರ 'ಮೂನ್‌ಲೈಟ್ ಸೊನಾಟಾ: ಡೆಫ್‌ನೆಸ್ ಇನ್ ತ್ರೀ ಮೂವ್‌ಮೆಂಟ್ಸ್'. ನಿರ್ದೇಶಕಿ ಅಮೆರಿಕದ ಐರೀನ್ ಟೇಲರ್ ಬ್ರಾಡ್‌ಸ್ಕಿ. (ಅಂದ ಹಾಗೆ, ಉತ್ತರ ಪ್ರದೇಶದ ಪೋಲಿಯೋ ಕುರಿತ ಇವರ 'ದಿ ಫೈನಲ್ ಇಂಚ್' 2009ರಲ್ಲಿ ಆಸ್ಕರ್ ಕಣದಲ್ಲಿತ್ತು. ಗೆದ್ದ 'ಸ್ಮೈಲ್ ಪಿಂಕಿ'ಯೂ ಉತ್ತರ ಪ್ರದೇಶದ ಕಥೆಯೇ!)

ಇದು ಆಕೆಯ ಸ್ವಂತ ಮನೆಯ ಕಥೆ. ಅಪ್ಪ ಅಮ್ಮ ಇಬ್ಬರೂ ಹುಟ್ಟು ಕಿವುಡರು. ಮಗಳಿಗೆ ಕಿವಿ ಚೆನ್ನಾಗಿದೆ. ಆದರೆ ಆ ಮಗಳ ಮಗ ಮತ್ತೆ ಕಿವುಡ! ಚಿಕ್ಕ ವಯಸ್ಸಿನಲ್ಲೇ ಹುಡುಗನಿಗೆ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ್ದಾರೆ. ಕಿವಿಯ ಹಿಂದೆ ಮೈಕ್ ಇರೋ ಪುಟ್ಟ ಮಿಷನ್, ಒಳಕಿವಿಯಲ್ಲಿ ಸಣ್ಣ ತಂತಿ. ಶಬ್ದ ವಿದ್ಯುತ್ತಾಗಿ ನೇರ ನರಕ್ಕೆ ಹೋಗುತ್ತೆ. ಮಿಷನ್ ತೆಗೆದರೆ ಮುಗೀತು, ಮೌನ. ಅಜ್ಜ ಅಜ್ಜಿಯೂ 65ನೇ ವಯಸ್ಸಿನಲ್ಲಿ ಇದನ್ನೇ ಹಾಕಿಸಿಕೊಂಡವರು. 2007ರ 'ಹಿಯರ್ ಅಂಡ್ ನೌ' ಅವರದೇ ಕಥೆ. ಅಷ್ಟು ವರ್ಷ ಶಬ್ದವೇ ಗೊತ್ತಿಲ್ಲದ ತಲೆಗೆ ಒಮ್ಮೆಲೇ ಗದ್ದಲ ಸುರಿದರೆ ಅದು ಮಾತಾಗೋದು ಸುಲಭವೇ ಸ್ವಾಮಿ?

ಹನ್ನೊಂದರ ಈ ಪೋರನಿಗೆ ಬೀಥೋವನ್‌ನ 'ಮೂನ್‌ಲೈಟ್ ಸೊನಾಟಾ'ನೇ ನುಡಿಸಬೇಕಂತೆ. 1801ರಲ್ಲಿ ಅದನ್ನು ಬರೆಯೋ ಹೊತ್ತಿಗೆ ಬೀಥೋವನ್‌ನ ಕಿವಿಯೂ ಹೋಗ್ತಾ ಇತ್ತು. 'ನಾನು ಕಿವುಡ ಅಂತ ಜನರಿಗೆ ಹೇಳಲಾರೆ, ಅದಕ್ಕೇ ಯಾರ ಜೊತೆಗೂ ಬೆರೆಯೋದಿಲ್ಲ' ಅನ್ನೋ ಅರ್ಥದಲ್ಲಿ ಅದೇ ವರ್ಷ ಗೆಳೆಯನೊಬ್ಬನಿಗೆ ಪತ್ರ ಬರೆದಿದ್ದ. 'ಮೂನ್‌ಲೈಟ್' ಅನ್ನೋ ಹೆಸರು ಅವನು ಇಟ್ಟದ್ದಲ್ಲ, ಬೇರೆಯವರು ಅಂಟಿಸಿದ ಟೈಟಲ್. ಈ ಬೀಥೋವನ್ ಭಾಗವನ್ನು ಜಲವರ್ಣದ ಚಿತ್ರಗಳಲ್ಲಿ ತೋರಿಸಿದ್ದಾರೆ. ನನಗೇನೋ ಅಷ್ಟು ಹಿಡಿಸಲಿಲ್ಲ. ಹುಡುಗನನ್ನು ಬಿಟ್ಟು ಕ್ಯಾಮರಾ ಕದಲಿದರೆ ಬೇಜಾರು!

ಹುಡುಗ ತಪ್ಪು ನುಡಿಸ್ತಾನೆ. ಟೀಚರ್ ಮತ್ತೆ ಮತ್ತೆ ತಿದ್ದುತ್ತಾರೆ. ಸಿಡುಕುತ್ತಾನೆ, ಮುಖ ಊದಿಸ್ತಾನೆ. ಮತ್ತೆ ಒಂದು ಕಡೆ ಕಿವಿಯ ಮಿಷನ್‌ಗಳನ್ನೇ ಬಿಚ್ಚಿಟ್ಟು ನುಡಿಸ್ತಾನೆ ನೋಡಿ! ಹುಡುಗನಿಗೆ ಒಂದು ಸ್ವರವೂ ಕೇಳಿಸ್ತಿಲ್ಲ, ಕೇಳಿಸ್ತಿರೋದು ನಮಗೆ ಮಾತ್ರ. ನಾನು ಎದ್ದು ಕೂತೆ.

ಅತ್ತ ಅಜ್ಜ ಪಾಲ್ ಟೇಲರ್‌ಗೆ ಮರೆವಿನ ಕಾಯಿಲೆ ಶುರುವಾಗಿದೆ. ಈತ ಸಾಮಾನ್ಯರಲ್ಲ, ಎಂಜಿನಿಯರ್. ಹಳೇ ಟೆಲಿಪ್ರಿಂಟರ್‌ಗಳನ್ನು ಫೋನಿಗೆ ಜೋಡಿಸಿ, ಕಿವುಡರೂ ಟೈಪ್ ಮಾಡಿ ದೂರದವರ ಜೊತೆ ಮಾತಾಡೋ ಏರ್ಪಾಟಿಗೆ 1960ರ ದಶಕದಲ್ಲೇ ದುಡಿದವರು. ಅಂಥವರು ಈಗ ತಡವರಿಸೋದನ್ನು ಮಗಳೇ ಚಿತ್ರೀಕರಿಸಬೇಕು. ಎಂಥ ಕೆಲಸ!

ನನಗೆ ನೆನಪಾದದ್ದು ನಮ್ಮಜ್ಜ. ಟೆಂಟಿನಲ್ಲಿ ಪಕ್ಕದಲ್ಲೇ ಕೂತು ಪ್ರತಿ ಡೈಲಾಗಿಗೂ 'ಏನಂದ್ನೋ? ಏನಂದ್ನೋ?' ಅಂತ ಕೇಳೋರು. ಒಂದು ದಿನ ಹಿಂದಿನ ಬೆಂಚಿನಿಂದ 'ಏ ಕಿವುಡಪ್ಪಾ, ಸುಮ್ನಿರಪ್ಪಾ!' ಅಂತ ಕೂಗು, ಇಡೀ ಟೆಂಟ್ ನಗು. ನಾಚಿಕೆಯಾಗಿ ಇಂಟರ್‌ವಲ್ ಮುಗಿದ ಮೇಲೆ ನಾನು ಮುಂದೆ ಹೋಗಿ ನೆಲದಲ್ಲಿ ಕೂತುಬಿಟ್ಟೆ. ವಾಪಸು ಬರುವಾಗ ಅಜ್ಜ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಆಮೇಲೆ ಟೆಂಟಿಗೂ ಬರಲಿಲ್ಲ.

ಕೊನೆಗೆ ಹುಡುಗ ಹೇಗೆ ನುಡಿಸಿದ ಅಂತ ಕೇಳ್ತೀರಾ? ನಾನು ಹೇಳೋದಿಲ್ಲ, ನೀವೇ ನೋಡಿ. ಮುಂದಿನ ವಾರ ಫೈಟು ಗ್ಯಾರಂಟಿ!