ದಪ್ಪ ಗುಂಡೇ ಆಳಕ್ಕಿಳಿಯುತ್ತದೆ ಎಂಬುದು ತಪ್ಪು

ಪಿಸ್ತೂಲಿನ ಗುಂಡು ದಪ್ಪವಾದಷ್ಟೂ ಆಳಕ್ಕೆ ನುಗ್ಗುತ್ತದೆ, ಸಣ್ಣ ಗುಂಡನ್ನು ಕಾರಿನ ಬಾಗಿಲು, ಮನೆಯ ಗೋಡೆಗಳೇ ತಡೆಯುತ್ತವೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಈ ಮಾತು ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ.

ಅಮೆರಿಕದ ಪೊಲೀಸರಿಗೆ ದರೋಡೆಕೋರರ ಕಾರುಗಳ ಉಕ್ಕಿನ ಮೈಯನ್ನು ಭೇದಿಸುವ ಗುಂಡು ಬೇಕಿದ್ದ ಕಾಲದಲ್ಲಿ, 1929ರಲ್ಲಿ, ಕೋಲ್ಟ್ ಕಂಪನಿ ತಂದದ್ದು .45ಕ್ಕಿಂತ ತೆಳುವಾದ, ಹೆಚ್ಚು ವೇಗದ .38 ಸೂಪರ್. ಸುಮಾರು 15 ಗ್ರಾಂ ತೂಕದ .45 ಗುಂಡು ಸೆಕೆಂಡಿಗೆ 250 ಮೀಟರ್‌ನಷ್ಟು ವೇಗದಲ್ಲಿ ಸಾಗಿದರೆ, ಅದರ ಸುಮಾರು ಅರ್ಧ ತೂಕದ 9 ಎಂಎಂ ಗುಂಡು 350 ಮೀಟರ್ ಮುಟ್ಟುತ್ತದೆ. ತಗಡನ್ನು ತೂತು ಮಾಡುವಲ್ಲಿ ವೇಗ ಮತ್ತು ಕಿರಿದಾದ ಮೂತಿಯೇ ಗೆಲ್ಲುತ್ತವೆ.

ಗುಂಡಿನ ರಚನೆಯನ್ನಂತೂ ಲೇಖಕರು ಮರೆತೇಬಿಟ್ಟಿದ್ದಾರೆ. ಟೊಳ್ಳು ಮೂತಿಯ ಗುಂಡು ಮೈಯೊಳಗೆ ಅಣಬೆಯಂತೆ ಅರಳಿ ಬೇಗ ನಿಲ್ಲುತ್ತದೆ. ಅದೇ ಗುಂಡು ಜಿಪ್ಸಂ ಹಲಗೆಯ ಗೋಡೆ ಹೊಕ್ಕರೆ ಟೊಳ್ಳಿನಲ್ಲಿ ಪುಡಿ ತುಂಬಿಕೊಂಡು, ಅರಳದೆ, ಪಕ್ಕದ ಕೋಣೆಗೂ ನುಗ್ಗಬಹುದು. ತಡೆಗಳಿಂದ ಗುಂಡಿನ ವರ್ತನೆ ಹೀಗೆ ಬದಲಾಗುವುದರಿಂದಲೇ, ತನ್ನ ಏಜೆಂಟರು ದರೋಡೆಕೋರರೊಡನೆ ನಡೆಸಿದ 1986ರ ಮಯಾಮಿ ಗುಂಡಿನ ಕಾಳಗದ ಬಳಿಕ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಪ್ಲೈವುಡ್, ತಗಡು, ಕಾರಿನ ಗಾಜು, ದಪ್ಪ ಬಟ್ಟೆಗಳ ಹಿಂದೆ ಮೈಯ ಮಾಂಸಕ್ಕೆ ಬದಲಾಗಿ ಜೆಲಾಟಿನ್ ಇಟ್ಟು ಪರೀಕ್ಷಿಸುವ ಕ್ರಮ ರೂಪಿಸಿತು. ಮೊದಲು 10 ಎಂಎಂ, ಆಮೇಲೆ .40 ಹಿಡಿದ ಆ ಸಂಸ್ಥೆ ಕೊನೆಗೆ 9 ಎಂಎಂಗೇ ಮರಳಿತು.

ಸೋಫಾ, ಬಾಗಿಲು, ಹಲಗೆ ಗೋಡೆಗಳು ಮನುಷ್ಯನನ್ನು ಮರೆಮಾಡುತ್ತವೆ, ಕಾಪಾಡುವುದಿಲ್ಲ. ಅವನ್ನು ರಕ್ಷಣೆಯೆಂದು ಓದುಗರು ನಂಬುವಂತೆ ಯಾರೂ ಬರೆಯಬಾರದು.